ಏರಿದ್ದು ಐದು ಗಂಟೆ, ಇಳಿದದ್ದು ಕೂತು

'ಮೇ ತಿಂಗಳಲ್ಲಿ ರೇನಿಯರ್ ಪರ್ವತಕ್ಕೆ ಸ್ಕೀ ಮಾಡಲು ಹೋಗೋಣ. ಅಲ್ಲಿ ಲಿಫ್ಟೂ ಇಲ್ಲ, ಲಿಫ್ಟಿನ ಟಿಕೆಟ್ಟೂ ಇಲ್ಲ' ಎಂದರು ಸಿಯಾಟಲ್ಲಿನ ಸ್ನೇಹಿತರು. ಟಿಕೆಟ್ ಇಲ್ಲ ಎಂಬುದಷ್ಟೇ ನನ್ನ ಕಿವಿಗೆ ಬಿತ್ತು.

ಸುಮಾರು 5,400 ಅಡಿಯ ಪ್ಯಾರಡೈಸ್‌ನಿಂದ 10,000 ಅಡಿಯ ಕ್ಯಾಂಪ್ ಮ್ಯೂರ್‌ಗೆ ಸ್ವಂತ ಕಾಲಲ್ಲೇ ಏರಬೇಕು. ಸ್ಕೀ ತಳಕ್ಕೆ 'ಸ್ಕಿನ್' ಎಂಬ ಪಟ್ಟಿ ಅಂಟಿಸುತ್ತಾರೆ. ಹಿಂದೆ ಅದು ಸೀಲ್ ಚರ್ಮ, ಈಗ ನೈಲಾನ್ ಅಥವಾ ಆಡಿನ ರೋಮ. ರೋಮ ಒಂದೇ ಕಡೆಗೆ ಮಲಗಿರುವುದರಿಂದ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರದು. ನನ್ನದು ಪಕ್ಷಪಾತವಿಲ್ಲದೆ ಎರಡೂ ಕಡೆಗೆ ಜಾರಿತು.

ವಸಂತದ ಹಿಮಕ್ಕೆ ಮುಹೂರ್ತವುಂಟು. ರಾತ್ರಿ ಕಲ್ಲಾದದ್ದು ಬಿಸಿಲೇರಿದಂತೆ ಮೇಲೆ ಕಾಳುಕಾಳಾಗುತ್ತದೆ, ಹೆಸರೇ 'ಕಾರ್ನ್'. ಹದವಾದ ಬನ್ಸಿ ರವೆ ಉಪ್ಪಿಟ್ಟು ಅನ್ನಿ. ಹೊತ್ತು ಮೀರಿದರೆ ಗಂಜಿ, ಜೊತೆಗೆ ಹಿಮ ಕುಸಿಯುವ ಭಯ. ನಾನು ಬೂಟಿನ ಬಕಲ್ ಹಾಕುವಷ್ಟರಲ್ಲೇ ರಾಹುಕಾಲ!

ಬೆನ್ನಲ್ಲೊಂದು ಸಲಿಕೆ, ಎದೆಗೊಂದು ಬೀಕನ್, ಅಂದರೆ ಹಿಮದಡಿ ಹೂತವರ ಜಾಗ ತಿಳಿಸುವ ರೇಡಿಯೊ ಯಂತ್ರ. ನನ್ನ ಸಲಿಕೆ ಇರುವುದು ಹೂತುಹೋದ ಜೊತೆಯವರನ್ನು ತೆಗೆಯಲಂತೆ. ನನ್ನನ್ನು ತೆಗೆಯುವುದು ಅವರ ಸಲಿಕೆ. ಅದು ತಿಳಿದ ಕ್ಷಣವೇ ಪುಳಿಯೋಗರೆಯ ದೊಡ್ಡ ಪಾಲು ಅವರಿಗೆ ಕೊಟ್ಟೆ.

ಇಳಿಯುವಾಗ ಎಷ್ಟು ಸಲ ಕೂತೆನೋ ಲೆಕ್ಕವಿಲ್ಲ. ಏಳೆಂಟು ವರ್ಷದ ಹುಡುಗಿಯೊಬ್ಬಳು ಪಕ್ಕದಲ್ಲಿ ನಿಂತು, 'ಆರ್ ಯು ಓಕೆ?' ಎಂದಳು. 'ದೃಶ್ಯ ನೋಡ್ತಿದ್ದೀನಮ್ಮ' ಎಂದೆ, ಗಾಬರಿಯಲ್ಲಿ, ಅಚ್ಚ ಕನ್ನಡದಲ್ಲಿ.