ಮೊಣಕಾಲೂರಿದವನ ದೋಣಿಶಾಸ್ತ್ರ

"ಏನ್ ಮಾಡ್ಕೊಂಡು ಬಂದೀರಿ, ಮೊದ್ಲು ಅದನ್ನ ಹೇಳ್ರಿ. ಕ್ಷಮಿಸೋದು ಬಿಡೋದು ಆಮೇಲೆ ನೋಡಾಣ."

ಅಡುಗೆಮನೆಯ ನೆಲದಲ್ಲಿ ಎರಡು ದಿಂಬಿನ ಮೇಲೆ ಮೊಣಕಾಲೂರಿ ಕೂತಿದ್ದ ನನ್ನನ್ನು ಕಂಡು ಮನೆಯಾಕೆ ಕೇಳಿದ ಮಾತಿದು. ಕೈಯಲ್ಲಿ ಕಸಬರಿಗೆ ಬೇರೆ ಇತ್ತು. ಪುಣ್ಯಕ್ಕೆ ಅವಳ ಕೈಯಲ್ಲಲ್ಲ, ನನ್ನ ಕೈಯಲ್ಲಿ.

"ತಪ್ಪೇನೂ ಮಾಡಿಲ್ಲ ಮಾರಾಯ್ತಿ, ಕೆನೂ ಓಡಿಸ್ತಾ ಇದೀನಿ" ಅಂದೆ. ಅವಳು ನನ್ನ ಹಣೆ ಮುಟ್ಟಿ ನೋಡಿ, ಒಲೆಯ ಮೇಲಿನ ಹಾಲು ಇಳಿಸಿಕೊಂಡು ಹೋದಳು.

ನಾನಿರುವುದು ಕುರೆಕುಪ್ಪದಲ್ಲಿ. ಇಲ್ಲಿ ಅದಿರಿನ ಕೆಂಧೂಳಿದೆ, ಹಗಲಿರುಳು ಲಾರಿಗಳಿವೆ, ಹೊಳೆಯೊಂದಿಲ್ಲ. ನನಗೆ ಈಜೂ ಬರುವುದಿಲ್ಲ. ಇಷ್ಟೆಲ್ಲ ಅರ್ಹತೆಯಿರುವ ನನ್ನನ್ನು ಹುಡುಕಿಕೊಂಡು ಅಕ್ಕನ ಮಗ ಬಂದ. ವಯಸ್ಸು ಇಪ್ಪತ್ತೆರಡು, ಎತ್ತರ ಆರಡಿ, ಕಬಡ್ಡಿಯಲ್ಲಿ ರೈಡರ್. ಗೆಳೆಯರ ಜೊತೆ ದಾಂಡೇಲಿಗೆ ಹೋಗಿ ಕಾಳಿ ನದಿಯಲ್ಲಿ ರಾಫ್ಟಿಂಗ್ ಮಾಡಿ ಬಂದಿದ್ದ.

"ರಾಫ್ಟಿನಾಗ ಎಲ್ಲರೂ ಹುಟ್ಟು ಹಾಕ್ತಾರ ಮಾಮ. ಯಾರು ಹಾಕಿದ್ರು, ಯಾರು ಸುಮ್ನೆ ಕೂತ್ರು, ಗೊತ್ತೇ ಆಗಲ್ಲ. ನನಗ ನಂದೇ ದೋಣಿ ಬೇಕು. ನೀವು ಓದಿದೋರು, ಆರಿಸಿ ಕೊಡ್ರಿ."

'ಓದಿದೋರು' ಅಂದರೆ ಸಾಕು, ನಾನು ಜಾರುತ್ತೇನೆ. ಹದಿನೈದು ದಿನ ಮೊಬೈಲ್ ಹಿಡಿದು, ಯಾವುದೋ ದೇಶದವರು ಬಂಡೆ ಮೇಲಿಂದ ದೋಣಿ ಸಮೇತ ಧುಮುಕುವುದನ್ನು ಮಂಚದ ಮೇಲೆ ಮಲಗಿ ಅಧ್ಯಯನ ಮಾಡಿದೆ. ನಲವತ್ತು ಪುಟದ ನೋಟ್‌ಬುಕ್ ತುಂಬಿತು.

ಮೊದಲ ಪಾಠ, ಕಯಾಕ್ ಬೇರೆ, ಕೆನೂ ಬೇರೆ. ಕಯಾಕಿನಲ್ಲಿ ಕಾಲು ಮುಂದೆ ಚಾಚಿ ಕೂರಬೇಕು, ಹುಟ್ಟಿನ ಎರಡೂ ತುದಿಗೆ ಅಲಗು. ನೊರೆಯುಕ್ಕುವ ಸೆಳವಿನಲ್ಲಿ ಕೆನೂ ಓಡಿಸುವವರು ಮೊಣಕಾಲೂರುತ್ತಾರೆ, ಹುಟ್ಟಿಗೆ ಒಂದೇ ಅಲಗು. ಒಲಿಂಪಿಕ್ಸಿನ ಸ್ಲಾಲಮ್ ಸ್ಪರ್ಧೆಯ ಒಂಟಿ ಕೆನೂ ಕನಿಷ್ಠ 3.5 ಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ ಇರಬೇಕು. ನಮ್ಮ ಅಡುಗೆಮನೆ ಇರುವುದು ಮೂರೇ ಮೀಟರ್. ಹಾಗಾಗಿ ನನ್ನ ದೋಣಿಯ ಮೂತಿ ಹಿತ್ತಲಿನ ಬಚ್ಚಲಿಗೆ ಚಾಚಿಕೊಂಡಿದೆ ಎಂದು ಭಾವಿಸಿಯೇ ಕಸಬರಿಗೆ ಆಡಿಸುತ್ತಿದ್ದೆ.

ಎರಡನೆಯದು ರಾಕರ್. ಅಂದರೆ ದೋಣಿಯ ತಳ ಕಂಪ್ಲಿಯ ಬಾಳೆಹಣ್ಣಿನಂತೆ ಎಷ್ಟು ಬಾಗಿದೆ ಎಂಬ ಲೆಕ್ಕ. ಬಾಗು ಹೆಚ್ಚಿದ್ದರೆ ಬಂಡೆಗಳ ನಡುವೆ ಚಕ್ಕನೆ ತಿರುಗುತ್ತದೆ, ಕಡಿಮೆಯಿದ್ದರೆ ನೆಟ್ಟಗೆ ಓಡುತ್ತದೆ. ಮೂರನೆಯದು ತಳದ ಆಕಾರ. ಚಪ್ಪಟೆ ತಳದ್ದು ನಿಂತ ನೀರಿನಲ್ಲಿ ಬಲು ಗಟ್ಟಿ ಎನ್ನಿಸಿ, ಸ್ವಲ್ಪ ಜಾಸ್ತಿ ವಾಲಿದಾಗ ಒಮ್ಮೆಗೇ ಮಗುಚುತ್ತದೆ. ಚೀಟಿ ನಡೆಸುವ ಕೆಲವು ಸ್ನೇಹಿತರ ಹಾಗೆ. ದುಂಡು ತಳದ್ದು ಮೊದಲಿಗೆ ನಡುಗಿಸಿದರೂ ವಾಲಿದಾಗ ಕೈಬಿಡುವುದಿಲ್ಲ. ನಾಲ್ಕನೆಯದು ಗಾತ್ರ. ಇದನ್ನು ಲೀಟರಿನಲ್ಲಿ ಹೇಳುತ್ತಾರೆ. ಕೂರುವವನ ತೂಕಕ್ಕೆ ತಕ್ಕ ಹೊಟ್ಟೆ ದೋಣಿಗಿರಬೇಕು, ಇಲ್ಲದಿದ್ದರೆ ಅದು ನೀರಿನ ಮೇಲೆ ಓಡದೆ ಒಳಗೇ ಓಡುತ್ತದೆ. ಈ ವಾಕ್ಯಕ್ಕೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದೆ. ಇನ್ನು ಪ್ಲಾಸ್ಟಿಕ್ ದೋಣಿಗಳಲ್ಲಿ ಹೆಚ್ಚಿನವು ಪಾಲಿಎಥಿಲೀನಿನವು, ನಮ್ಮ ಮಾಳಿಗೆ ಮೇಲಿನ ನೀರಿನ ಟ್ಯಾಂಕಿನ ಹತ್ತಿರದ ಬಳಗ. ಅದನ್ನು ಓದಿದ ಮೇಲೆ ಎರಡು ದಿನ ಟ್ಯಾಂಕಿನ ಕಡೆ ಬೇರೆಯೇ ಗೌರವದಿಂದ ನೋಡಿದೆ.

ಕೊನೆಗೆ ತೀರ್ಪು ಕೊಟ್ಟೆ. ಹುಡುಗ ಗಟ್ಟಿಗ, ಆರು ತಿಂಗಳಲ್ಲಿ ಕಲಿತುಬಿಡುತ್ತಾನೆ. ಕಲಿಯುವವರ ದಪ್ಪ ದೋಣಿ ಯಾಕೆ? ಚೂಪು ಅಂಚಿನ ಚುರುಕು ದೋಣಿಯೇ ಇರಲಿ. ಬೆಳೆಯುವ ಹುಡುಗನೆಂದು ನಮ್ಮಪ್ಪ ನನಗೆ ಎರಡು ವರ್ಷ ಮುಂದಿನ ಚಡ್ಡಿ ಹೊಲಿಸುತ್ತಿದ್ದ ತರ್ಕವೇ ಇದು. ಆ ಚಡ್ಡಿ ಶಾಲೆಯ ಪ್ರಾರ್ಥನೆ ಹೊತ್ತಿನಲ್ಲಿ ಏನು ಮಾಡುತ್ತಿತ್ತು ಎಂಬುದು ತೀರ್ಪು ಕೊಡುವಾಗ ನೆನಪಾಗಲಿಲ್ಲ.

"ಕೊಳ್ಳೋ ಮುಂಚೆ ಒಂದ್ಸಲ ನೀರಿನ ಮೇಲೆ ಕುಂತು ನೋಡಾಣ ಮಾಮ" ಅಂದ ಅಳಿಯ. ಜನವರಿಯ ಒಂದು ಭಾನುವಾರ ಬೈಕೇರಿ ಹೊಸಪೇಟೆ ದಾಟಿ, ಹಂಪಿಯ ತಳವಾರಘಟ್ಟಕ್ಕೆ ಹೋದೆವು. ಅಲ್ಲಿ ಕೆನೂ ಎಲ್ಲಿಂದ ಬರಬೇಕು? ಹರಿಗೋಲು ಇತ್ತು. ಆನೆಗೊಂದಿ ಕಡೆ ಹೊರಟಿದ್ದ ಏಳೆಂಟು ಮಂದಿಯ ನಡುವೆ, ತಲೆ ನರೆತ ಅಂಬಿಗನಿಗೆ ನನ್ನ ನೋಟ್‌ಬುಕ್ ತೋರಿಸಿ, ಒಂದೆರಡು ನಿಮಿಷ ಹುಟ್ಟು ಕೊಡೆಂದು ಗೋಗರೆದೆ. ಲೈಫ್ ಜಾಕೆಟ್ ಬಿಗಿದು, ಶಾಸ್ತ್ರೋಕ್ತವಾಗಿ ಮೊಣಕಾಲೂರಿದೆ.

ಅಂಬಿಗ ಹುಟ್ಟನ್ನು ಮುಂದೆ ಅದ್ದಿ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದ. ನಾನು ವಿಡಿಯೋದಲ್ಲಿ ಕಂಡಂತೆ ಪಕ್ಕದಲ್ಲಿ ಜಗ್ಗಿದೆ. ಹರಿಗೋಲಿಗೆ ಹಿಂದಿಲ್ಲ, ಮುಂದಿಲ್ಲ. ಅದು ಸುತ್ತತೊಡಗಿತು. ಮತಂಗ ಬೆಟ್ಟ ಒಮ್ಮೆ ಎಡಕ್ಕೆ ಹೋಯಿತು, ಒಮ್ಮೆ ಬಲಕ್ಕೆ ಬಂತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಈ ದೋಣಿಗಳ ಬಗ್ಗೆ ಬರೆದಿದ್ದಾನೆ. ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಮಂದಿ ಹಿಡಿಸುತ್ತವೆ, ಆದರೆ ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತವೆ ಎಂದು. ಪಯಸ್ ಕಂಡ ದೋಣಿಯಲ್ಲೂ ನನ್ನಂಥ ಓದಿದವನೊಬ್ಬ ಹುಟ್ಟು ಹಿಡಿದಿದ್ದ ಎಂಬುದು ನನ್ನ ಗುಮಾನಿ.

ಪಕ್ಕದ ಅಜ್ಜಿಯೊಬ್ಬಳು ನನ್ನ ಭಂಗಿ ಕಂಡು ತನ್ನ ಬುಟ್ಟಿ ಸರಿಸಿ ಜಾಗ ಕೊಟ್ಟಳು. "ಪಾಪ, ಮೊಣಕಾಲಾಗೇ ಬರ್ತೀನಂತ ಹರಕಿ ಹೊತ್ತಾನ ಕಾಣ್ತೈತಿ" ಅಂತ ಕೈ ಮುಗಿದಳು. ಅಂಬಿಗ ಹುಟ್ಟು ಕಸಿದುಕೊಂಡ. ಮಾನ ಉಳಿಸಿಕೊಳ್ಳಲೆಂದು ದಡ ಮುಟ್ಟುವತನಕ ಹಾಗೇ ಕೂತೆ. ದಡ ಬಂತು, ಎಲ್ಲರೂ ಇಳಿದರು. ನನ್ನ ಸೊಂಟದಿಂದ ಕೆಳಗೆ ಏನಿದೆಯೆಂದು ನನಗೇ ಗೊತ್ತಾಗಲಿಲ್ಲ. ಎರಡೂ ಕಾಲು ಜೋಮು ಹಿಡಿದಿದ್ದವು. ಕಬಡ್ಡಿಪಟು ನನ್ನನ್ನು ಭತ್ತದ ಚೀಲದಂತೆ ಹೆಗಲಿಗೆ ಹಾಕಿಕೊಂಡು ಇಳಿಸಿದ. ಅಜ್ಜಿ ಮತ್ತೊಮ್ಮೆ ಕೈ ಮುಗಿದಳು.

ಬಂಡೆಗೊರಗಿ ಕಾಲು ತಿಕ್ಕಿಕೊಳ್ಳುತ್ತಿದ್ದಾಗ ಅಂಬಿಗ ಬೀಡಿ ಹಚ್ಚಿ ಕೇಳಿದ. "ದೋಣಿ ತಗೊಂಡು ಎಲ್ಲಿ ಓಡಿಸ್ತಾನ್ರಿ ಹುಡುಗ?"

"ಇಲ್ಲೇ, ತುಂಗಭದ್ರೆಯಲ್ಲಿ."

"ಈಗ ನೋಡ್ರಿ, ಬರೀ ಬಂಡಿ, ಮಡುವು. ಡ್ಯಾಮಿನ 33 ಗೇಟ್ ಎತ್ತಿದ್ರಂದ್ರ ಪುರಂದರ ಮಂಟಪನೇ ಮುಳುಗತೈತಿ, ಆವಾಗ ನಾನೇ ತೆಪ್ಪ ಮ್ಯಾಲೆ ಎಳ್ಕೊಂಡು ಕುಂದ್ರತೀನಿ. 2024ರಾಗ 19ನೇ ಗೇಟು ಕಿತ್ಕೊಂಡು ಹೋತಲ್ಲ, ಆವಾಗ ನಿಮ್ಮ ದೋಣಿ ಏನು ಮಾಡ್ತಿತ್ತು? ಮೊದ್ಲು ನೀರು ನೋಡ್ರಿ ಸಾರ್, ಆಮೇಲೆ ದೋಣಿ."

ನಲವತ್ತು ಪುಟದಲ್ಲಿ ನೀರಿನ ಬಗ್ಗೆ ಒಂದು ಸಾಲೂ ಇರಲಿಲ್ಲ.

"ಗಟ್ಟಿ ಆಳು ಅದಾನ, ಅದೇ ತೊಂದ್ರಿ" ಅಂದ ಅಂಬಿಗ, ಅಳಿಯನ ತೋಳು ನೋಡುತ್ತ. "ಗಟ್ಟಿ ಇದ್ದೋರು ನೀರಿನ ಜೊತಿ ಜಗಳಕ್ಕ ನಿಲ್ತಾರ. ಏನಪಾ, ಈಜು ಬರ್ತೈತೇನು?"

ಅಳಿಯ ನನ್ನನ್ನು ನೋಡಿದ. ನಾನು ನೋಟ್‌ಬುಕ್ ನೋಡಿದೆ.

"ಇಲ್ರಿ" ಅಂದ. ಕಾಳಿಯಲ್ಲಿ ಜಾಕೆಟ್ಟಿತ್ತು, ಯಾರೂ ಕೇಳಿರಲಿಲ್ಲ. ತೊಡೆಯ ಸುತ್ತಳತೆಯನ್ನು ದರ್ಜಿಯ ಟೇಪಿನಲ್ಲಿ ಅಳೆದಿದ್ದ ನಾನೂ ಕೇಳಿರಲಿಲ್ಲ. ಅಂಬಿಗ ಬೀಡಿ ಆರಿಸಿ, ಎದ್ದು, ತೆಪ್ಪದ ಕಡೆ ನಡೆದ. ಅವನು ನಗದೆ ಹೋದದ್ದಕ್ಕೇ ಹೆಚ್ಚು ನೋವಾಯಿತು.

ಕೊನೆಗೂ ಅಳಿಯನಿಗೆ ಮೊದಲ ದೋಣಿ ಆರಿಸಿ ಕೊಟ್ಟಿದ್ದೇನೆ. ಖಾಲಿಯಾದ ಅಡುಗೆ ಎಣ್ಣೆಯ ಕ್ಯಾನು. ಪಾಲಿಎಥಿಲೀನಿನದೇ, ಅಂಚು ಚೂಪಿಲ್ಲ, ಗಾತ್ರ 5 ಲೀಟರ್, ಮಗುಚಿದರೂ ತೇಲುತ್ತದೆ. ಅದನ್ನು ಬೆನ್ನಿಗೆ ಕಟ್ಟಿಕೊಂಡು ಈಗ ಭಾನುವಾರಗಳಂದು ಅಕ್ಕನ ಹೊಲದ ಬಾವಿಯಲ್ಲಿ ಕೈಕಾಲು ಬಡಿಯುತ್ತಾನೆ. ಅವನಿಗೆ ಕಲಿಸುವವರು ಊರ ಏಳನೇ ಕ್ಲಾಸಿನ ಹುಡುಗರು.

ಹೋದ ವಾರ ನಾನೂ ಹೊರಟೆ. ಮನೆಯಾಕೆ ನನ್ನ ಕೈಲಿದ್ದ 5 ಲೀಟರಿನ ಕ್ಯಾನನ್ನೂ ನನ್ನ ಹೊಟ್ಟೆಯನ್ನೂ ಸಾವಧಾನವಾಗಿ ನೋಡಿದಳು. ಒಳಗೆ ಹೋಗಿ ಕುಡಿಯುವ ನೀರಿನ 20 ಲೀಟರಿನ ಕ್ಯಾನ್ ತಂದು ಎದುರಿಗಿಟ್ಟಳು.

"ನೀವೇ ಬರ್ದೀರಲ್ಲ," ಅಂದಳು, "ಕೆಂಪು ಇಂಕಿನಾಗ."