ಗುಜರಿಗೆ ಹೋಗದ ಮೇಟ್ಯಾಗ್ ಮಾತಾಡಿದಾಗ

ಅಮೆರಿಕದ ಐಯೊವಾ ರಾಜ್ಯದ ನ್ಯೂಟನ್ ಊರಿನ ಮೇಟ್ಯಾಗ್ ಕಂಪನಿಯ 'ಇ' ಮಾದರಿ ಇದು. ಚೌಕನೆಯ ಅಲ್ಯೂಮಿನಿಯಂ ತೊಟ್ಟಿ, ನಾಲ್ಕು ಕಾಲು, ನೆತ್ತಿಯ ಮೇಲೆ ಬಟ್ಟೆ ಹಿಂಡುವ ಜೋಡಿ ರೋಲರ್. ಹವ್ಯಾಸಿಯೊಬ್ಬರು ಇದನ್ನು ಯಾರದೋ ಕೊಟ್ಟಿಗೆಯಿಂದ ಎತ್ತಿ ತಂದು, ಬಿಚ್ಚಿ, ಉಜ್ಜಿ, ಮತ್ತೆ ಓಡಿಸಿದ್ದಾರೆ. ಇಂಥ ಹವ್ಯಾಸಿಗಳನ್ನು ಮಾತಿಗೆಳೆದರೆ ಬರುವುದು ಹೊಗಳಿಕೆ ಮಾತ್ರ. ಆದ್ದರಿಂದ ಯಂತ್ರವನ್ನೇ ಕೇಳಿದ್ದಾಯಿತು.

'ಆಗಿನ ಮಾಲೇ ಮಾಲು, ಈಗಿನದೆಲ್ಲ ತಗಡು' ಎನ್ನುತ್ತಾರಲ್ಲ ನಿಮ್ಮ ಅಭಿಮಾನಿಗಳು?

ಅಭಿಮಾನಕ್ಕೆ ಲೆಕ್ಕ ಬರುವುದಿಲ್ಲ. ನನ್ನ ಓರಗೆಯ ಎಷ್ಟೋ ಯಂತ್ರಗಳು ತುಕ್ಕು ಹಿಡಿದು ಗುಜರಿ ಸೇರಿದವು. ಅವುಗಳ ಸಂದರ್ಶನಕ್ಕೆ ಯಾರೂ ಹೋಗುವುದಿಲ್ಲ. ಉಳಿದ ನಾಲ್ಕನ್ನು ನೋಡಿ ಹಳೆಯದೆಲ್ಲ ಗಟ್ಟಿ ಎನ್ನುವುದು, ನೂರು ದಾಟಿದ ಅಜ್ಜನನ್ನು ತೋರಿಸಿ ಆ ಕಾಲದಲ್ಲಿ ಯಾರೂ ಸಾಯುತ್ತಿರಲಿಲ್ಲ ಎಂದ ಹಾಗೆ. ನಾನೂ ಚೆನ್ನಾಗಿಯೇ ಕೆಟ್ಟಿದ್ದೆ. ರಬ್ಬರ್ ರೋಲರ್ ಗಡುಸಾಗಿ ಬಿರುಕು ಬಿಟ್ಟಿತ್ತು. ದಾರದ ಹೊದಿಕೆಯ ಹಳೆ ವೈರು ಮುಟ್ಟಿದರೆ ಉದುರುತ್ತಿತ್ತು. ತೊಟ್ಟಿಯ ನಡುವೆ ನಿಂತು ಬಟ್ಟೆ ಕಲಕುವ ಅಜಿಟೇಟರ್ ತನ್ನ ದಂಡವನ್ನು ಕಚ್ಚಿ ಹಿಡಿದಿತ್ತು; ಬಿಸಿನೀರು ಸುರಿದು, ಮೆಲ್ಲಗೆ ತಟ್ಟಿ, ಬಹಳ ಓಲೈಸಿದ ಮೇಲೆ ಮೇಲಕ್ಕೆ ಬಂತು. ಆದರೆ ಬಂತಲ್ಲ! ನನ್ನ ಹೆಚ್ಚುಗಾರಿಕೆ ಇರುವುದು ಅಲ್ಲೇ. ಈ ಮಾದರಿ 1939ರಿಂದ 1983ರ ತನಕ ತಯಾರಾಯಿತು, ಅಷ್ಟೂ ಕಾಲ ಒಳಗಿನ ಕಟ್ಟೋಣ ಹೆಚ್ಚೇನೂ ಬದಲಾಗಲಿಲ್ಲ. ಹಾಗಾಗಿ ಒಂದರ ಬಿಡಿಭಾಗ ಎಷ್ಟೋ ಸಲ ಇನ್ನೊಂದಕ್ಕೆ ಕೂರುತ್ತದೆ, ಸತ್ತ ಎರಡು ಯಂತ್ರಗಳಿಂದ ಓಡುವ ಒಂದು ಹುಟ್ಟುತ್ತದೆ. ಇವತ್ತಿನ ಹಲವು ಯಂತ್ರಗಳಲ್ಲಿ ಹೊರಗಿನ ಪ್ಲಾಸ್ಟಿಕ್ ತೊಟ್ಟಿಯನ್ನು ಬೆಸೆದೇ ಮುಚ್ಚಿರುತ್ತಾರೆ. ಒಳಗೆ ಒಂದು ಬೇರಿಂಗ್ ಸವೆದರೆ ಇಡೀ ತೊಟ್ಟಿ ಬದಲಿಸಬೇಕು. ಅದರ ಬೆಲೆ ಕೇಳಿದ ಮನೆಯವರು ಹೊಸ ಯಂತ್ರ ತರುವುದೇ ವಾಸಿ ಎನ್ನುತ್ತಾರೆ. ಲೋಹವೋ ಪ್ಲಾಸ್ಟಿಕ್ಕೋ ಎಂಬ ಜಗಳವನ್ನು ನೀವು ಆಡಿಕೊಳ್ಳಿ. ಬಿಚ್ಚಲು ಬರುತ್ತದೆಯೇ ಅಂತ ಮಾತ್ರ ನಾನು ಕೇಳುತ್ತೇನೆ.

ಬಿಚ್ಚಲು ಬರುವುದಕ್ಕೇ ಅಲ್ಲವೇ ಜನರ ಕೈ ನಿಮ್ಮ ರೋಲರಿಗೆ ಸಿಕ್ಕಿದ್ದು?

ಸಿಕ್ಕಿದ್ದು ನಿಜ. ಬೆರಳಿಂದ ಮೊಳಕೈವರೆಗೆ ಎಳೆದುಕೊಂಡದ್ದೂ ಉಂಟು, ಅದರಲ್ಲೂ ಮಕ್ಕಳ ಕೈ. ವೈದ್ಯರು ಈ ಗಾಯಕ್ಕೆ ಬೇರೆ ಹೆಸರನ್ನೇ ಇಟ್ಟು ಪ್ರಬಂಧ ಬರೆದರು. ತಟ್ಟಿದೊಡನೆ ರೋಲರ್ ಸಡಿಲವಾಗುವ ಪಟ್ಟಿಯೂ ಬಂತು. ನನ್ನನ್ನು ಮ್ಯೂಸಿಯಂನಲ್ಲಿ ಮೆರೆಸುವವರು ಈ ಭಾಗವನ್ನೂ ಫಲಕದಲ್ಲಿ ಬರೆಯಲಿ. ಆದರೆ ಕೈಗೆ ತಡೆ ಹಾಕುವುದು ಬೇರೆ, ಸ್ಕ್ರೂಡ್ರೈವರಿಗೆ ತಡೆ ಹಾಕುವುದು ಬೇರೆ. ಬುಟ್ಟಿ ಗಿರಗಿರ ತಿರುಗುವಾಗ ಬಾಗಿಲಿಗೆ ಬೀಗ ಬೀಳುವುದು ಒಳ್ಳೆಯದೇ, ಅದರಿಂದ ಬೆರಳು ಉಳಿಯುತ್ತದೆ. ತೊಟ್ಟಿಯನ್ನು ಬೆಸೆದುಬಿಟ್ಟರೆ ಯಾರ ಬೆರಳು ಉಳಿಯಿತು?

ಹೆಂಗಸರು ಬೆನ್ನು ಮುರಿದು ದುಡಿದ ಯಂತ್ರ ಈಗ ಗಂಡಸರ ಭಾನುವಾರದ ಆಟಿಕೆ. ಇದು ಅಣಕವಲ್ಲವೇ?

ಅಣಕವೇ. ನನ್ನ ಮುಂದೆ ನಿಂತು ಬಟ್ಟೆ ಹಾಕಿ, ತೆಗೆದು, ಹಿಂಡಿ, ಬೇರೆ ತೊಟ್ಟಿಯಲ್ಲಿ ಜಾಲಾಡಿ, ಮತ್ತೆ ಹಿಂಡಿ ಒಣಹಾಕಿದವಳೊಬ್ಬಳೂ ನನಗೆ ಪಾಲಿಶ್ ಹಚ್ಚಲಿಲ್ಲ. ನಾನು ನೀರು ಉಳಿಸುತ್ತಿದ್ದೆ ಎಂದು ಹೊಗಳುತ್ತಾರೆ. ಒಂದೇ ಸಾಬೂನು ನೀರಿನಲ್ಲಿ ಮೊದಲು ಬಿಳಿ, ಆಮೇಲೆ ಬಣ್ಣದ್ದು, ಕೊನೆಗೆ ಹೊಲದ ಬಟ್ಟೆ ಒಗೆಯುವ ರೂಢಿಯಿತ್ತಲ್ಲ. ಆ ಉಳಿತಾಯಕ್ಕೆ ಬೆಲೆ ತೆತ್ತದ್ದು ಒಗೆತದ ದಿನವಾದ ಅವಳ ಇಡೀ ಸೋಮವಾರ. ನನ್ನ ತಯಾರಿಕೆ ನಿಂತ 1983ರಲ್ಲೇ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ 'ಮೋರ್ ವರ್ಕ್ ಫಾರ್ ಮದರ್' ಪ್ರಕಟಿಸಿದರು. ಯಂತ್ರಗಳು ಶ್ರಮದ ಭಾರ ಇಳಿಸಿದರೂ ತಾಯಿಯ ಕೆಲಸದ ಹೊತ್ತು ಇಳಿಸಲಿಲ್ಲ, ಶುಚಿತ್ವದ ಅಳತೆಗೋಲೇ ಮೇಲೇರಿತು ಎಂಬುದು ಅವರ ವಾದ. ನನಗೆ ಒಪ್ಪಿಗೆ. ಹಾಗಾಗಿ ಹೊಳಪು ಕೊಟ್ಟು ಹಾಲ್‌ನಲ್ಲಿ ನಿಲ್ಲಿಸುವ ಹವ್ಯಾಸಿಗಿಂತ, ನೀರು ತುಂಬಿ ಒಂದು ದಿನವಿಡೀ ಒಗೆಯುವವನ ಮೇಲೆ ನನಗೆ ಗೌರವ. ಸಂಜೆಗೆ ಅವನ ಸೊಂಟವೇ ಇತಿಹಾಸ ಹೇಳುತ್ತದೆ.

ಒಗೆಯುವುದಷ್ಟೇ ನಿಮ್ಮ ಕೆಲಸವಾಗಿತ್ತೇ?

ಎಲ್ಲಿ ಬಿಟ್ಟರು! 1930ರ ದಶಕದ ನಡುವಿನಲ್ಲೂ ಅಮೆರಿಕದ ಹತ್ತು ಹೊಲಮನೆಗಳಲ್ಲಿ ಒಂದಕ್ಕಷ್ಟೇ ಕರೆಂಟು. ಅದಕ್ಕೇ ಕಾಲಲ್ಲಿ ಒದ್ದು ಚಾಲೂ ಮಾಡುವ ಪೆಟ್ರೋಲ್ ಎಂಜಿನ್ನಿನ ಯಂತ್ರಗಳೂ ನಮ್ಮ ವಂಶದಲ್ಲಿದ್ದವು. ಬೆಣ್ಣೆ ಕಡೆಯುವ, ಮಾಂಸ ಕೊಚ್ಚುವ ಜೋಡಣೆಗಳನ್ನೂ ಕಂಪನಿಯೇ ಮಾರುತ್ತಿತ್ತು. ಪಂಜಾಬಿನ ಢಾಬಾದವರು ವಾಷಿಂಗ್ ಮಷಿನ್ನಿನಲ್ಲಿ ಲಸ್ಸಿ ಕಡೆಯುತ್ತಾರೆ ಅಂತ ನೀವು ನಗುತ್ತೀರಿ. ಅವರು ನನ್ನ ಪರಂಪರೆಯವರು.

ಕೆಟ್ಟದ್ದನ್ನು ಸರಿಮಾಡುತ್ತಲೇ ಕೂತರೆ ಕಂಪನಿ ಬದುಕುವುದು ಹೇಗೆ?

ನಲವತ್ತನಾಲ್ಕು ವರ್ಷ ನನ್ನ ಮಾದರಿಯನ್ನೂ ಮಾರುತ್ತಲೇ ಬದುಕಿತಲ್ಲ. ಕೆಲಸವಿಲ್ಲದೆ ಬೇಸತ್ತ ರಿಪೇರಿಯವನನ್ನು 1967ರಿಂದ ಜಾಹೀರಾತಿನಲ್ಲಿ ಕೂರಿಸಿ ಹಣವನ್ನೂ ಮಾಡಿತು. 2006ರಲ್ಲಿ ವರ್ಲ್‌ಪೂಲ್ ಅದನ್ನು ಕೊಂಡಿತು, ಮರುವರ್ಷ ನ್ಯೂಟನ್ ಕಾರ್ಖಾನೆ ಮುಚ್ಚಿತು. ಅದಕ್ಕೆ ಹಲವು ಕಾರಣ, ನನ್ನ ಆಯುಷ್ಯವನ್ನೊಂದೇ ದೂರಬೇಡಿ. ಬಿಡಿಭಾಗ ಇಟ್ಟುಕೊಂಡರೆ ದುಬಾರಿ ಎಂಬ ಮಾತೂ ಪೂರ್ತಿ ಸುಳ್ಳಲ್ಲ, ಗೋದಾಮಿಗೆ ಬಾಡಿಗೆ ಇದೆ. ಆದರೂ ಮಾದರಿಯೊಂದರ ಮಾರಾಟ ನಿಂತ ಮೇಲೆ 10 ವರ್ಷ ಬಿಡಿಭಾಗ ಸಿಗಬೇಕು ಎಂಬ ನಿಯಮ ಯುರೋಪಿಯನ್ ಒಕ್ಕೂಟದಲ್ಲಿ 2021ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಹಾಗೆಂದು ಅಲ್ಲಿ ವಾಷಿಂಗ್ ಮಷಿನ್ ಮಾರಾಟವೇನೂ ನಿಂತಿಲ್ಲ.

ಹಾಗಾದರೆ ನಮ್ಮ ಓದುಗರು ನಿಮ್ಮಂಥದನ್ನೇ ಹುಡುಕಿ ಕೊಳ್ಳಬೇಕೇ?

ಬೇಡ ಮಾರಾಯರೇ! ಸೀರೆಯ ಸೆರಗು ರೋಲರಿಗೆ ಸಿಕ್ಕಿದರೆ ಗತಿಯೇನು? ಹೊಸದನ್ನೇ ಕೊಳ್ಳಿ. ಕೊಳ್ಳುವಾಗ ಅಂಗಡಿಯವರನ್ನು ಎರಡು ಮಾತು ಕೇಳಿ: ಬೇರಿಂಗ್ ಒಂದನ್ನೇ ಬದಲಿಸಬಹುದೇ, ಎಲೆಕ್ಟ್ರಾನಿಕ್ ಬೋರ್ಡ್ ಹೋದರೆ ಬದಲಿ ಎಷ್ಟು ವರ್ಷದವರೆಗೆ ಸಿಗುತ್ತದೆ? ಅದಕ್ಕೆ ಅವರು ಎಕ್ಸ್‌ಚೇಂಜ್ ಆಫರ್ ವಿವರಿಸತೊಡಗಿದರೆ, ಉತ್ತರ ಸಿಕ್ಕಿತೆಂದು ತಿಳಿದು ಪಕ್ಕದ ಅಂಗಡಿಗೆ ಹೋಗಿ.