ಅರ್ಧಾಸನಿ

ಕುರ್ಚಿಯ ಅರ್ಧದಲ್ಲಿ ಮಾತ್ರ ಕೂರುವ ಗೃಹಸ್ಥನೇ ಅರ್ಧಾಸನಿ. ಇಂದ್ರ ದುಷ್ಯಂತನಿಗೆ ತನ್ನ ಆಸನದ ಅರ್ಧ ಬಿಟ್ಟುಕೊಟ್ಟದ್ದು ಗೌರವಕ್ಕೆ. ಇವನು ಯಾರೂ ಕೇಳದಿದ್ದರೂ ತನ್ನದೇ ಕುರ್ಚಿಯ ಅರ್ಧ ಬಿಡುವುದು ಭಗಂದರದ ದೆಸೆಯಿಂದ. ವಯಸ್ಸು ಸಾಮಾನ್ಯವಾಗಿ 30ರಿಂದ 50. ಈ ಕಾಯಿಲೆ ಹೆಂಗಸರನ್ನೂ ಬಿಡುವುದಿಲ್ಲ, ಆದರೆ ಗಂಡಸರಲ್ಲಿ ಸುಮಾರು ಇಮ್ಮಡಿ. ಬ್ಯಾಂಕಿನ ಕೌಂಟರು, ತಾಲ್ಲೂಕು ಕಚೇರಿ, ಸಾಫ್ಟ್‌ವೇರ್ ಕಂಪನಿ, ಲಾರಿಯ ಸ್ಟೇರಿಂಗಿನ ಹಿಂದೆ, ಎಲ್ಲ ಕಡೆಯೂ ಇವನಿದ್ದಾನೆ. ಮದುವೆಮನೆಯಲ್ಲಂತೂ ಗುರುತು ಹಿಡಿಯುವುದು ಸುಲಭ. ಊಟದ ಪಂಕ್ತಿಗೆ ಜನ ಕುರ್ಚಿ ಹಿಡಿಯಲು ನುಗ್ಗುವಾಗ ಇವನು ಕಂಬಕ್ಕೊರಗಿ, “ನಡೀರಿ ನಡೀರಿ, ನಾನು ಬಸ್ಸಿನಲ್ಲಿ ಕೂತೂ ಕೂತೂ ಬಂದಿದೀನಿ” ಎನ್ನುತ್ತಾನೆ.

ಅವನ ಎರಡನೆಯ ಲಕ್ಷಣ, ಕಾಯಿಲೆಯ ಹೆಸರನ್ನು ಬಾಯಿಗೆ ತಾರದಿರುವುದು. ಆಫೀಸಿಗೆ ಅದು ಸೊಂಟನೋವು, ಅತ್ತೆಮನೆಗೆ ಉಷ್ಣ, ಗೆಳೆಯರಿಗೆ ಗ್ಯಾಸು. ತೀರಾ ಹತ್ತಿರದವರು ಒತ್ತಾಯಿಸಿದರೆ “ಪೈಲ್ಸ್ ಥರಾ ಏನೋ” ಎನ್ನುವವರೆಗೆ ಇಳಿಯುತ್ತಾನೆ. ಸಂಕೋಚಕ್ಕೆ ಕಾರಣವಿಲ್ಲ. ಸುಶ್ರುತ ಇದನ್ನು ಎಂಟು ಮಹಾರೋಗಗಳ ಸಾಲಿನಲ್ಲಿ ಕೂರಿಸಿ, ಐದು ಬಗೆ ಎಣಿಸಿ, ಒಂದಕ್ಕೆ ಒಂಟೆಯ ಕತ್ತು ನೆನೆದು ಉಷ್ಟ್ರಗ್ರೀವವೆಂದು ಹೆಸರಿಟ್ಟ. ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಗೆ 1686ರಲ್ಲಿ ಇದರ ಶಸ್ತ್ರಚಿಕಿತ್ಸೆ ನಡೆದಾಗ, ಆಸ್ಥಾನದ ಕೆಲವರು ತಮಗೂ ಅದೇ ಇದೆಯೆಂದು ಹೆಮ್ಮೆಯಿಂದ ಹೇಳಿಕೊಂಡರೆಂಬ ಕಥೆಯಿದೆ. ಅರ್ಧಾಸನಿ ಮಾತ್ರ ಮೆಡಿಕಲ್ ಶಾಪಿನಲ್ಲಿ ಹೆಂಗಸರು ಹೋಗುವವರೆಗೂ ಕೆಮ್ಮಿನ ಔಷಧಿಯ ಬೆಲೆ ವಿಚಾರಿಸುತ್ತಿರುತ್ತಾನೆ.

ಆಗಿರುವುದು ಇಷ್ಟು. ಗುದದ್ವಾರದ ಒಳಗೋಡೆಯಲ್ಲಿ ಪುಟ್ಟ ಗ್ರಂಥಿಗಳಿವೆ. ಅವುಗಳಲ್ಲೊಂದು ಸೋಂಕು ತಗುಲಿ ಕೀವುಗಟ್ಟುತ್ತದೆ. ಬಾವು ಒಡೆಯುತ್ತದೆ, ಇಲ್ಲವೇ ಡಾಕ್ಟರು ಕೊಯ್ದು ಕೀವು ತೆಗೆಯುತ್ತಾರೆ. ಕೆಲವರಿಗೆ ಅಲ್ಲಿಗೆ ಮುಗಿಯಿತು. ಉಳಿದವರಲ್ಲಿ ಒಳಗೊಂದು ಬಾಯಿ, ಹೊರಗೊಂದು ಬಾಯಿ ಇರುವ ಹೆಗ್ಗಣದ ಬಿಲದಂಥ ಸುರಂಗ ಉಳಿಯುತ್ತದೆ. ಕ್ಷಯ ಅಥವಾ ಕರುಳಿನ ಕ್ರೋನ್ಸ್ ಕಾಯಿಲೆಯಿಂದಲೂ ಬರುವುದುಂಟು. ಈ ಬಿಲವನ್ನು ಮುಚ್ಚುವ ತರಕಾರಿ ಇನ್ನೂ ಬೆಳೆದಿಲ್ಲ. ಪಥ್ಯದಿಂದ ಆಗುವುದು ಮಲ ಮೆತ್ತಗಾಗಿ ತಿಣುಕಾಟ ತಪ್ಪುವುದು, ಉರಿ ತಗ್ಗುವುದು, ಅಷ್ಟೇ. ಅದೇನೂ ಸಣ್ಣ ಉಪಕಾರವಲ್ಲ. ಆದರೆ ಅರ್ಧಾಸನಿ ಸರ್ಜನ್ನನ ಕೆಲಸವನ್ನೂ ಅಡುಗೆಮನೆಗೇ ವಹಿಸುತ್ತಾನೆ.

ಮೊದಲು ಗಡಿಪಾರಾಗುವುದು ಬದನೆಕಾಯಿ. ಹಿಂದೆಯೇ ಕೋಳಿ, ಮೊಟ್ಟೆ, ಬ್ಯಾಡಗಿ ಮೆಣಸಿನಕಾಯಿ. ಖಾರದಿಂದ ಭಗಂದರ ಹುಟ್ಟುವುದಿಲ್ಲ. ಇಳಿಯುವ ದಾರಿಯಲ್ಲಿ ಉರಿಸುತ್ತದೆ, ಹಾಗಾಗಿ ಕಡಿಮೆ ಮಾಡಿದರೆ ಸುಖ. ಪಾಪ, ಪರಂಗಿ ಹಣ್ಣನ್ನೂ ‘ಉಷ್ಣ’ವೆಂದು ಹೊರಹಾಕುತ್ತಾನೆ. ಮಲಬದ್ಧತೆಗೆ ಮನೆಯಲ್ಲಿದ್ದ ಒಳ್ಳೆಯ ಉಪಾಯ ಅದೇ ಆಗಿತ್ತು. ಇಷ್ಟೆಲ್ಲ ತ್ಯಾಗ ಮಾಡಿದವನು ಊಟವಾದ ಮೇಲೆ ಬೀದಿ ಕೊನೆಯ ಗೂಡಂಗಡಿಗೆ ಹೋಗಿ ಸಿಗರೇಟು ಹಚ್ಚುತ್ತಾನೆ. ಗಾಯ ಮಾಯಲು ಬಿಡದ ಅಭ್ಯಾಸಗಳಲ್ಲಿ ಅದು ಮುಖ್ಯವಾದದ್ದು. ಸಕ್ಕರೆ ಕಾಯಿಲೆಯ ಪರೀಕ್ಷೆಯನ್ನೂ ‘ಮುಂದಿನ ತಿಂಗಳು’ ಮಾಡಿಸುತ್ತಾನೆ. ಅವನ ಕಣ್ಣಿಗೆ ಅಪರಾಧಿ ಬದನೆಕಾಯಿ ಒಂದೇ.

ಎರಡನೆಯ ಘಟ್ಟ ನಾರಿನದು. ದಿನಕ್ಕೆ 25ರಿಂದ 30 ಗ್ರಾಂ ನಾರು ಬೇಕೆಂದು ಎಲ್ಲೋ ಓದುತ್ತಾನೆ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮೂರರ ಆಸುಪಾಸು. ಮುದ್ದೆ, ಸೊಪ್ಪಿನ ಸಾರು, ಒಂದೆರಡು ಹಣ್ಣು, ಎರಡು ಎರಡೂವರೆ ಲೀಟರ್ ನೀರು ಇದ್ದರೆ ಮುಗಿಯಿತು. ಅಜ್ಜಿ ಇದನ್ನೇ ಗ್ರಾಂ ಹೇಳದೆ ಬಡಿಸುತ್ತಿದ್ದಳು. ನಾರನ್ನು ನಿಧಾನವಾಗಿ ಹೆಚ್ಚಿಸಬೇಕೆಂಬ ಸಾಲಿಗೆ ಬರುವ ಮೊದಲೇ ಅವನು ಓದು ನಿಲ್ಲಿಸಿರುತ್ತಾನೆ. ಸೋಮವಾರ ಮೊಳಕೆ ಹುರುಳಿ, ಗೋಧಿ ತೌಡು, ಹಸಿ ಕೋಸು ಒಟ್ಟಿಗೆ ಹೊಟ್ಟೆ ಸೇರುತ್ತವೆ. ಮಂಗಳವಾರ ಬೆಳಿಗ್ಗೆ ಆಫೀಸಿನ ಮೀಟಿಂಗಿನಲ್ಲಿ ಅವನ ಅಕ್ಕಪಕ್ಕದ ಎರಡೂ ಕುರ್ಚಿ ಖಾಲಿ. ಇಸಬ್ಗೋಲನ್ನು ಲೋಟದ ತುಂಬ ನೀರಿಗೆ ಹಾಕಿ ತಕ್ಷಣ ಕುಡಿಯಬೇಕು. ಇವನು ಕಲಸಿಟ್ಟು ಪೇಪರು ಓದುತ್ತಾನೆ, ಅದು ಹಾಲುಬಾಯಿಯ ಹದಕ್ಕೆ ಬಂದಮೇಲೆ ಚಮಚದಲ್ಲಿ ಕೊಯ್ದು ತಿನ್ನುತ್ತಾನೆ. ಫಲ ಕಾಣದಿದ್ದರೆ ಭಾನುವಾರ ಹರಳೆಣ್ಣೆ. ಆಮೇಲಿನ ನೀರುಭೇದಿ ಗಟ್ಟಿ ಮಲಕ್ಕಿಂತ ಹೆಚ್ಚು ಉರಿಸುತ್ತದೆ.

ಶೌಚಕ್ಕೆ ಐದು ನಿಮಿಷ ಸಾಕು, ತಿಣುಕಬಾರದು, ಅವಸರ ಬಂದಾಗ ತಡೆಯಬಾರದು. ಅರ್ಧಾಸನಿ ಮೊಬೈಲನ್ನು ಒಳಗೊಯ್ದು, ಕಮೋಡಿನ ಮೇಲೆ ಹೆಚ್ಚು ಹೊತ್ತು ಕೂರಬಾರದೆಂಬ ವೀಡಿಯೋಗಳನ್ನು ಮುಕ್ಕಾಲು ಗಂಟೆ ನೋಡುತ್ತಾನೆ.

ಅವನ ದಿನಚರಿಯ ಶಿಖರವೆಂದರೆ ಟಬ್ಬು. ಉಗುರುಬೆಚ್ಚಗಿನ ನೀರಿನಲ್ಲಿ 10ರಿಂದ 15 ನಿಮಿಷ, ದಿನಕ್ಕೆ ಎರಡು ಮೂರು ಸಲ, ಮುಖ್ಯವಾಗಿ ಶೌಚದ ನಂತರ ಕೂರುವುದು ನಿಜಕ್ಕೂ ಹಿತ. ಬರಿ ನೀರು ಸಾಕು. ಅವನು ಉಪ್ಪು, ಅರಿಸಿನ, ಬೇವಿನ ಸೊಪ್ಪು ಹಾಕುತ್ತಾನೆ, ಒಗ್ಗರಣೆಯೊಂದು ಬಾಕಿ. ಮನೆಯಾಕೆ ಈ ಟಬ್ಬಿಗೆ ಕೆಂಪು ದಾರ ಕಟ್ಟಿ ಬೇರೆ ಇಟ್ಟಿರುತ್ತಾಳೆ. ಹಬ್ಬಕ್ಕೆ ಬಂದ ನಾದಿನಿ ದಾರವನ್ನು ಮಂಗಳಕರವೆಂದು ತಿಳಿದು ಅದರಲ್ಲೇ ಕೋಸಂಬರಿಗೆ ಹೆಸರುಬೇಳೆ ನೆನೆಹಾಕಿದ ಮನೆಗಳೂ ಇವೆ. ಟಬ್ಬಿನಿಂದೆದ್ದ ಮೇಲೆ ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿಕೊಂಡು, ಸಡಿಲವಾದ ಹತ್ತಿಯ ಒಳಉಡುಪು ತೊಟ್ಟರಾಯಿತು. ಸೋಪು ಹಾಕಿ ಉಜ್ಜುವುದು ಗಾಯಕ್ಕೆ ಹಗೆ.

ಅರ್ಧ ಗಂಟೆಗೊಮ್ಮೆ ಎದ್ದು ಓಡಾಡುವುದರಿಂದ ಅವನಿಗೆ ಆಫೀಸಿನಲ್ಲಿ ಚುರುಕಿನ ಮನುಷ್ಯನೆಂಬ ಹೆಸರು ಬರುತ್ತದೆ. ಈ ಕಾಯಿಲೆಯಿಂದಾದ ಏಕೈಕ ಲಾಭ ಇದು.

ನಡುವೆ ಒಂದು ದಿನ ಹೊರಗಿನ ಬಾಯಿ ಮುಚ್ಚುತ್ತದೆ, ಒಸರುವುದು ನಿಲ್ಲುತ್ತದೆ. ಅರ್ಧಾಸನಿ ಬದನೆಕಾಯಿಯ ಮೇಲೆ ಗೆದ್ದೆನೆಂದು ಬೀಗುತ್ತಾನೆ. ಬಿಲ ಒಳಗೆ ಹಾಗೇ ಇರುತ್ತದೆ. ಕೆಲ ವಾರದಲ್ಲಿ ಊತ, ಜ್ವರ, ಕುಟ್ಟುವ ನೋವು. ಆಗ ಟಬ್ಬು ಬದಿಗಿಟ್ಟು ಅದೇ ದಿನ ಡಾಕ್ಟರ ಬಳಿ ಹೋಗಬೇಕು. ಅವರು ಬೆರಳಿನಿಂದ ಪರೀಕ್ಷಿಸಿ, ಬೇಕಾದರೆ ಎಂಆರ್‌ಐ ತೆಗೆಸಿ, ಸುರಂಗ ಬಿಗಿಸ್ನಾಯುವಿನ ಎಷ್ಟು ಭಾಗ ದಾಟಿದೆಯೆಂದು ನೋಡಿ, ಸೀಳುವುದೋ ದಾರ ಹಾಕುವುದೋ ತೀರ್ಮಾನಿಸುತ್ತಾರೆ. ಆಯುರ್ವೇದದ ಕ್ಷಾರಸೂತ್ರದ ದಾರಕ್ಕೆ ಕಳ್ಳಿಯ ಹಾಲು, ಉತ್ತರಾಣಿಯ ಕ್ಷಾರ, ಅರಿಸಿನವನ್ನು 21 ಸಲ ಲೇಪಿಸಿರುತ್ತಾರೆ. ವಾರಕ್ಕೊಮ್ಮೆ ಬದಲಿಸುತ್ತ ಹೋದರೆ ವಾರಕ್ಕೆ ಸುಮಾರು ಒಂದು ಸೆಂಟಿಮೀಟರಿನಂತೆ ಸುರಂಗ ಕತ್ತರಿಸಿ ಮಾಯುತ್ತ ಬರುತ್ತದೆ.

ವರ್ಷಗಟ್ಟಲೆ ಸೊಂಟನೋವೆಂದು ಸಾಧಿಸಿದವನು ಕೊನೆಗೊಂದು ಶನಿವಾರ ಮುಖಕ್ಕೆ ಮಾಸ್ಕು ಹಾಕಿಕೊಂಡು ಕ್ಲಿನಿಕ್ಕಿಗೆ ಬರುತ್ತಾನೆ. ಮೊಗಸಾಲೆಯಲ್ಲಿ ಎರಡು ಸಾಲು ಕುರ್ಚಿ ಖಾಲಿ. ಹದಿನೈದು ಜನ ಗೋಡೆಗೆ ಒರಗಿ ನಿಂತಿದ್ದಾರೆ. ಕ್ಯಾಲೆಂಡರಿನ ಕೆಳಗೆ ನಿಂತವರು ಅವನ ಹೆಡ್‌ಕ್ಲರ್ಕ್ ಸಾಹೇಬರು. ಅವರಿಗೂ ಸೊಂಟನೋವು.